ಸಹಾಯ ಬೇಕು: ಸಿನಿಮಾ ಚರಿತ್ರೆ ಬರೆಯೋದು ಹೇಗೆ ಅಂತ ಕಲಿಯಬೇಕು

ಎಲ್ಲರಿಗೂ ನಮಸ್ಕಾರ. ನಾನು ತುಮಕೂರಿನವಳು. ಜಗತ್ತಿನ ಸಿನಿಮಾ ಚರಿತ್ರೆಯನ್ನು ನನ್ನಷ್ಟಕ್ಕೆ ಓದುತ್ತಿದ್ದೇನೆ, ಒಂದು ಕಡೆ ಸಿಕ್ಕಿಹಾಕಿಕೊಂಡಿದ್ದೇನೆ.

ಕೈಗೆ ಸಿಕ್ಕ ಪುಸ್ತಕಗಳೆಲ್ಲ 1895ರ ಡಿಸೆಂಬರ್ 28ಕ್ಕೆ, ಪ್ಯಾರಿಸ್ಸಿನಲ್ಲಿ ಲೂಮಿಯೇರ್ ಸಹೋದರರು ನಡೆಸಿದ ಚಲಿಸುವ ಚಿತ್ರಗಳ ಪ್ರದರ್ಶನದಿಂದಲೇ ಶುರು. ಆದರೆ ಅದೇ ವರ್ಷ ನವೆಂಬರ್ 1ಕ್ಕೇ ಬರ್ಲಿನ್ನಿನಲ್ಲಿ ಸ್ಕ್ಲಾದನೋವ್‌ಸ್ಕಿ ಸಹೋದರರು ದುಡ್ಡು ಕೊಟ್ಟು ಬಂದ ಜನಕ್ಕೆ ಚಲಿಸುವ ಚಿತ್ರ ತೋರಿಸಿದ್ದರು. 1896ರ ಹೊತ್ತಿಗೇ ನಿರ್ದೇಶನ ಶುರು ಮಾಡಿದ ಆಲಿಸ್ ಗೀ ಎಂಬ ಹೆಣ್ಣುಮಗಳನ್ನು ಚರಿತ್ರೆಕಾರರು ದಶಕಗಟ್ಟಲೆ ಮರೆತೇಬಿಟ್ಟಿದ್ದರು. ಇದು ನನಗೆ ನಿಜಕ್ಕೂ ನೋವಿನ ವಿಷಯ. ‘ಮೊದಲು’ ಅನ್ನೋದನ್ನು ಯಾರು, ಯಾವ ಆಧಾರದ ಮೇಲೆ ತೀರ್ಮಾನಿಸುತ್ತಾರೆ? ನಮ್ಮ ದೇಶದ ಮೂಕಿಚಿತ್ರಗಳಂತೂ ಬಹುಪಾಲು ಉಳಿದೇ ಇಲ್ಲ. ಇಲ್ಲದ ಚಿತ್ರದ ಬಗ್ಗೆ ಬರೆಯೋದು ಹೇಗೆ?

ಇನ್ನೊಂದು ವಿಷಯ. ನಮ್ಮ ತಾತ ಗುಬ್ಬಿ ಕಡೆ ಟೂರಿಂಗ್ ಟಾಕೀಸಿನಲ್ಲಿ ಟಿಕೆಟ್ ಹರಿಯುತ್ತಿದ್ದರು. ಅವರ ಟ್ರಂಕಿನಲ್ಲಿ ಗುಲಾಬಿ ಬಣ್ಣದ ಕರಪತ್ರ ಸಿಕ್ಕಿದೆ. ಮಡಿಕೆಯಲ್ಲಿ ಹರಿದು ಚಿತ್ರದ ಹೆಸರು ಹೋಗಿದೆ; ‘ನೆಲ ಎರಡಾಣೆ’ (ನೆಲದ ಮೇಲೆ ಕೂತು ನೋಡೋ ಟಿಕೆಟ್ಟಿನ ದರ) ಅಂತ ಮಾತ್ರ ಓದಬಹುದು, ಇಸವಿ ಇಲ್ಲ. ಆಣೆ ಲೆಕ್ಕ ಇರೋದರಿಂದ, ನಯಾಪೈಸೆ ಬಂದ 1957ಕ್ಕಿಂತ ಹಿಂದಿನದು ಇರಬಹುದು ಅನ್ನೋದಷ್ಟೇ ನನ್ನ ಊಹೆ.

ಇಂಥ ಕಾಗದಕ್ಕೆ ಕಾಲ ಕಟ್ಟೋದು ಗೊತ್ತಿರೋರು ದಯವಿಟ್ಟು ಹೇಳಿಕೊಡಿ. ಚರಿತ್ರೆ ಬರೆಯುವ ಕ್ರಮದ ಬಗ್ಗೆ ಕನ್ನಡದಲ್ಲಿ ಪುಸ್ತಕವಿದ್ದರೆ ತಿಳಿಸಿ. ತಿಪಟೂರು, ಶಿರಾ ಕಡೆ ಹಳೇ ಟಾಕೀಸಿನಲ್ಲಿ ಕೆಲಸ ಮಾಡಿದ ಹಿರಿಯರಿದ್ದರೆ ನಾನೇ ಬಂದು ಮಾತಾಡಿಸುತ್ತೇನೆ.