‘ಸ್ಥಿತಿಸ್ಥಾಪಕತ್ವ’: ಭೌತಶಾಸ್ತ್ರಕ್ಕೂ ಅರ್ಥಶಾಸ್ತ್ರಕ್ಕೂ ಒಂದೇ ಪದ ಸಲ್ಲುವುದೇ?

ಮಾನ್ಯರೇ,

ಹತ್ತನೆಯ ತರಗತಿಯವರೆಗೆ ಕನ್ನಡ ಮಾಧ್ಯಮದಲ್ಲಿ ಓದಿ ಪಿಯುಸಿಗೆ ಬಂದ ಮಕ್ಕಳಿಗಾಗಿ ನಾವು ಕೆಲವರು ಸೇರಿ ಭೌತಶಾಸ್ತ್ರ, ರಸಾಯನಶಾಸ್ತ್ರ, ಅರ್ಥಶಾಸ್ತ್ರ ಮತ್ತು ಲೆಕ್ಕಶಾಸ್ತ್ರದ ನೋಟ್ಸುಗಳನ್ನು ಕನ್ನಡದಲ್ಲಿ ಸಿದ್ಧಪಡಿಸುತ್ತಿದ್ದೇವೆ. ಕೊನೆಯಲ್ಲಿ ಎಲ್ಲ ವಿಷಯಗಳಿಗೂ ಸೇರಿ ಒಂದೇ ಪದಪಟ್ಟಿಯನ್ನು ಕೊಡಬೇಕೆಂದು ಹೊರಟಾಗ ‘ಸ್ಥಿತಿಸ್ಥಾಪಕತ್ವ’ ಎಂಬ ಪದದ ಬಳಿ ಕೆಲಸ ನಿಂತಿದೆ. ಎಲಾಸ್ಟಿಸಿಟಿ ಎಂಬುದಕ್ಕೆ ಭೌತಶಾಸ್ತ್ರದಲ್ಲಿಯೂ ಅರ್ಥಶಾಸ್ತ್ರದಲ್ಲಿಯೂ ಕನ್ನಡದಲ್ಲಿ ಇದೇ ಪದ ರೂಢಿಯಲ್ಲಿದೆ. ಆದರೆ ಎರಡು ವಿವರಣೆಗಳನ್ನು ಒಂದರ ಕೆಳಗೆ ಒಂದನ್ನು ಬರೆದು ನೋಡಿದರೆ ಅವು ಪರಸ್ಪರ ಎದುರು ನಿಲ್ಲುತ್ತವೆ.

ಭೌತಶಾಸ್ತ್ರದ ಮಟ್ಟಿಗೆ ಈ ಪದಕ್ಕಿಂತ ಒಳ್ಳೆಯದು ಸಿಗಲಾರದು ಎಂಬುದು ನನ್ನ ಅಭಿಪ್ರಾಯ. ಇದು ಇಂಗ್ಲಿಷ್ ಪದಕ್ಕಾಗಿ ಹೊಸದಾಗಿ ಕಟ್ಟಿದ್ದಲ್ಲ. ಪ್ರಾಚೀನ ಭಾರತದ ತತ್ತ್ವಶಾಸ್ತ್ರ ಪದ್ಧತಿಗಳಲ್ಲೊಂದಾದ ವೈಶೇಷಿಕ ದರ್ಶನದಲ್ಲಿ ‘ಸಂಸ್ಕಾರ’ ಎಂಬ ಗುಣವನ್ನು ವೇಗ, ಭಾವನಾ, ಸ್ಥಿತಿಸ್ಥಾಪಕ ಎಂದು ಮೂರಾಗಿ ವಿಂಗಡಿಸುತ್ತಾರೆ. ಆ ಪರಂಪರೆಯ ಪ್ರವೇಶಗ್ರಂಥವಾದ ಅನ್ನಂಭಟ್ಟನ ‘ತರ್ಕಸಂಗ್ರಹ’ವು ಸ್ಥಿತಿಸ್ಥಾಪಕವನ್ನು, ಬೇರೆ ರೀತಿಗೆ ತಿರುಗಿಸಲ್ಪಟ್ಟ ವಸ್ತುವನ್ನು ಮತ್ತೆ ಮೊದಲಿನ ಅವಸ್ಥೆಗೆ ತರುವ ಗುಣವೆಂದು ವಿವರಿಸಿ, ಚಾಪೆಯನ್ನು ಉದಾಹರಣೆಯಾಗಿ ಕೊಡುತ್ತದೆ. ಸುರುಳಿ ಸುತ್ತಿಟ್ಟ ಚಾಪೆಯನ್ನು ಬಿಡಿಸಿ ಕೈಬಿಟ್ಟರೆ ಅದು ತಾನಾಗಿ ಮತ್ತೆ ಸುರುಳಿಗೊಳ್ಳುವುದನ್ನು ನೋಡದವರು ನಮ್ಮಲ್ಲಿ ಯಾರಿದ್ದಾರೆ? ಮಕ್ಕಳಿಗೆ ಪಾಠ ಹೇಳುವಾಗ ರಬ್ಬರ್ ಪಟ್ಟಿಗಿಂತ ಈ ಚಾಪೆಯೇ ನನಗೆ ಹೆಚ್ಚು ಒದಗಿದೆ.

ಅರ್ಥಶಾಸ್ತ್ರಕ್ಕೆ ಬಂದಾಗ ತೊಡಕು ಶುರುವಾಗುತ್ತದೆ. ಇಂಗ್ಲೆಂಡಿನ ಅರ್ಥಶಾಸ್ತ್ರಜ್ಞ ಆಲ್ಫ್ರೆಡ್ ಮಾರ್ಷಲ್ 1890ರ ತನ್ನ ಗ್ರಂಥದಲ್ಲಿ ನೆಲೆಗೊಳಿಸಿದ ಈ ಪರಿಕಲ್ಪನೆಯಲ್ಲಿ ಮೊದಲಿನ ಸ್ಥಿತಿಗೆ ಮರಳುವ ಮಾತೇ ಇಲ್ಲ. ಬೆಲೆ ಶೇಕಡಾ 10ರಷ್ಟು ಏರಿದಾಗ ಬೇಡಿಕೆಯ ಪ್ರಮಾಣ ಶೇಕಡಾ 20ರಷ್ಟು ಇಳಿದರೆ ಬೇಡಿಕೆಯ ಸ್ಥಿತಿಸ್ಥಾಪಕತ್ವದ ಮೌಲ್ಯ 2 (ಋಣ ಚಿಹ್ನೆಯನ್ನು ಬಿಟ್ಟು ಹೇಳುತ್ತಿದ್ದೇನೆ), ಶೇಕಡಾ 2ರಷ್ಟು ಮಾತ್ರ ಇಳಿದರೆ 0.2. ಅಂದರೆ ಇಲ್ಲಿ ಅಳೆಯುವುದು ಬೆಲೆಯ ಬದಲಾವಣೆಗೆ ಬೇಡಿಕೆ ಎಷ್ಟು ಅಲುಗಾಡುತ್ತದೆ ಎಂಬುದನ್ನು. ಉಪ್ಪಿನ ಬೆಲೆ ಏರಿದರೂ ಮನೆಯಲ್ಲಿ ಬಳಸುವ ಉಪ್ಪು ಹೆಚ್ಚುಕಡಿಮೆ ಅಷ್ಟೇ ಇರುತ್ತದೆ. ಆದುದರಿಂದ ಅದರ ಬೇಡಿಕೆ ‘ಸ್ಥಿತಿಸ್ಥಾಪಕವಲ್ಲದ್ದು’ ಎಂದು ನಾವು ಬರೆಯುತ್ತೇವೆ. ಪದದ ಅರ್ಥವನ್ನೇ ನಂಬಿದ ವಿದ್ಯಾರ್ಥಿನಿಯೊಬ್ಬಳು, ಇದ್ದ ಸ್ಥಿತಿಯಲ್ಲೇ ನಿಂತ ಬೇಡಿಕೆಯಲ್ಲವೇ ಸ್ಥಿತಿಸ್ಥಾಪಕ ಎಂದು ಕೇಳಿದಳು. ಅವಳ ತರ್ಕದಲ್ಲಿ ತಪ್ಪಿರಲಿಲ್ಲ. ತಪ್ಪು ನಾವು ಕೊಟ್ಟ ಪದದಲ್ಲಿತ್ತು.

ವಿರೋಧ ಇನ್ನೂ ಆಳಕ್ಕಿದೆ. ರಬ್ಬರಿಗಿಂತ ಉಕ್ಕು ಹೆಚ್ಚು ಸ್ಥಿತಿಸ್ಥಾಪಕ ಎಂದು ಪ್ರಥಮ ಪಿಯುಸಿ ಭೌತಶಾಸ್ತ್ರದಲ್ಲಿ ಕಲಿಸುತ್ತೇವೆ. ಉಕ್ಕಿನ ಯಂಗ್ ಗುಣಾಂಕ (ಹಿಗ್ಗಿಸುವುದಕ್ಕೆ ವಸ್ತು ಎಷ್ಟು ಪ್ರತಿರೋಧ ಒಡ್ಡುತ್ತದೆ ಎಂಬುದರ ಅಳತೆ) ಸುಮಾರು 200 ಗಿಗಾಪಾಸ್ಕಲ್ ಇದ್ದರೆ ರಬ್ಬರಿನದು ಒಂದು ಗಿಗಾಪಾಸ್ಕಲಿಗಿಂತಲೂ ಬಹಳ ಕಡಿಮೆ. ಅಷ್ಟೇ ಬಲಕ್ಕೆ ಕಡಿಮೆ ಹಿಗ್ಗುವುದೇ ಅಲ್ಲಿ ಹೆಚ್ಚು ಸ್ಥಿತಿಸ್ಥಾಪಕ. ಅರ್ಥಶಾಸ್ತ್ರದಲ್ಲಾದರೋ ಅಷ್ಟೇ ಬೆಲೆಯೇರಿಕೆಗೆ ಹೆಚ್ಚು ಬದಲಾಗುವುದು ಹೆಚ್ಚು ಸ್ಥಿತಿಸ್ಥಾಪಕ. ಇಂಗ್ಲಿಷಿನಲ್ಲಿಯೂ ಈ ಇಕ್ಕಟ್ಟು ಇಲ್ಲದಿಲ್ಲ, ಆದರೆ ಅಲ್ಲಿಯ ದಿನಬಳಕೆಯಲ್ಲಿ ಆ ಪದಕ್ಕೆ ಹಿಗ್ಗುವ ಅರ್ಥವೂ ಇರುವುದರಿಂದ ಅರ್ಥಶಾಸ್ತ್ರದ ಬಳಕೆ ಅದಕ್ಕೆ ಅಂಟಿಕೊಳ್ಳುತ್ತದೆ. ನಮ್ಮ ಸಂಸ್ಕೃತ ಪದದಲ್ಲಿ ಆ ಸಡಿಲವಿಲ್ಲ.

ಹಿಂದಿಯವರು ಭೌತಶಾಸ್ತ್ರಕ್ಕೆ ‘ಪ್ರತ್ಯಾಸ್ಥತಾ’ ಎಂದೂ ಅರ್ಥಶಾಸ್ತ್ರಕ್ಕೆ ‘ಲೋಚ್’ ಎಂದೂ ಬೇರೆ ಬೇರೆ ಪದಗಳನ್ನು ಇಟ್ಟುಕೊಂಡಿದ್ದಾರೆ. ತಮಿಳಿನಲ್ಲಿಯೂ ಮರಳುವಿಕೆಯನ್ನು ಹೇಳುವ ‘ಮೀಟ್ಚಿ’ ಭೌತಶಾಸ್ತ್ರಕ್ಕೆ, ಬಳುಕುವಿಕೆಯನ್ನು ಹೇಳುವ ‘ನೆಗಿಳ್ಚಿ’ ಅರ್ಥಶಾಸ್ತ್ರಕ್ಕೆ ಇದೆ.

ನಮ್ಮಲ್ಲಿ ಬಂದ ಸಲಹೆಗಳು ಎರಡು. ‘ಸ್ಪಂದನಶೀಲತೆ’ ಎಂಬುದು ಅರ್ಥಕ್ಕೆ ಸರಿಹೊಂದುತ್ತದೆ, ಆದರೆ ಅದರ ನಿಷೇಧರೂಪವನ್ನು ಮಾಡಹೊರಟರೆ ‘ಅಸ್ಪಂದನಶೀಲ’ ಎಂದಾಗಿ ನಾಲಗೆ ತೊಡರುತ್ತದೆ. ‘ಬಳುಕು’ ನನಗೆ ಹಿಡಿಸಿದ ಪದ: ‘ಬಳುಕುವ ಬೇಡಿಕೆ’, ‘ಬಳುಕದ ಬೇಡಿಕೆ’ ಎಂದಾಗ ವಿವರಣೆಯಿಲ್ಲದೆಯೇ ಅರ್ಥವಾಗುತ್ತದೆ. ಕೋಲಾರದ ಮಾರುಕಟ್ಟೆಗೆ ಟೊಮೆಟೊ ಹೆಚ್ಚು ಬಂದ ದಿನ ಬೆಲೆ ಯಾಕೆ ಪಾತಾಳಕ್ಕೆ ಇಳಿಯುತ್ತದೆ ಎಂಬುದನ್ನು, ಅಗ್ಗವಾಯಿತೆಂದು ಯಾರೂ ಎರಡರಷ್ಟು ಸಾರು ಮಾಡುವುದಿಲ್ಲವೆಂಬ ಈ ಬಳುಕದ ಬೇಡಿಕೆಯಿಂದಲೇ ರೈತರ ಮಕ್ಕಳಿಗೆ ತಿಳಿಸಬಹುದು. ಆದರೆ ‘ಪರಿಪೂರ್ಣ ಬಳುಕು’, ‘ಅಡ್ಡ ಬಳುಕು’ (ಒಂದು ವಸ್ತುವಿನ ಬೆಲೆಗೆ ಇನ್ನೊಂದರ ಬೇಡಿಕೆ ಬಳುಕುವುದು), ‘ಆದಾಯ ಬಳುಕು’ ಎಂದು ಮುಂದುವರಿಸಿದಾಗ ಅದು ಶಾಸ್ತ್ರದ ಭಾರವನ್ನು ಹೊರುತ್ತದೆಯೇ ಎಂಬ ಅನುಮಾನ ನನಗಿದೆ. ಪರೀಕ್ಷೆಯಲ್ಲಿ ಪಠ್ಯಪುಸ್ತಕದ ಪದವನ್ನೇ ಬರೆಯಬೇಕಾದುದರಿಂದ ಅದನ್ನು ಕೈಬಿಡುವಂತಿಲ್ಲ. ಹೊಸ ಪದವನ್ನು ಅದರ ಜೊತೆಗೆ ಕೊಡುವುದು ಮಾತ್ರ ಸಾಧ್ಯ.

ಅರ್ಥಶಾಸ್ತ್ರವನ್ನು ಕನ್ನಡದಲ್ಲಿ ಬೋಧಿಸುತ್ತಿರುವವರು ತರಗತಿಯಲ್ಲಿ ಬಾಯಿಮಾತಿಗೆ ಯಾವ ಪದವನ್ನು ಬಳಸುತ್ತೀರಿ? ಈ ಅರ್ಥಕ್ಕೆ ಸಂತೆಯಲ್ಲಿ, ಮಂಡಿಯಲ್ಲಿ ವ್ಯಾಪಾರಿಗಳು ಆಡುವ ಮಾತೇನಾದರೂ ನಿಮ್ಮ ಸೀಮೆಯಲ್ಲಿದ್ದರೆ ದಯವಿಟ್ಟು ವಾಕ್ಯದ ಸಮೇತ ತಿಳಿಸಿ.