‘ಕಾಂಟ್ರಾಕ್ಟ್ ಇಲ್ಲ’ ಎಂದರೆ ‘ಲಾಕ್ ಇಲ್ಲ’ ಎಂದೇ ಅರ್ಥವೇ? ಅಮೆರಿಕದಿಂದ ಫೋನ್ ತರಿಸುವ ಮುನ್ನ ಒಂದು ಪ್ರಶ್ನೆ

ವಿಜಯನಗರದ ಟೀಚರ್

ಎಲ್ಲರಿಗೂ ನಮಸ್ಕಾರ. ನಾನು ಪ್ರೌಢಶಾಲೆಯೊಂದರಲ್ಲಿ ಗಣಿತ ಕಲಿಸುವವಳು. ಫೋನಿನ ಒಳಗುಟ್ಟು ನನಗೆ ತಿಳಿಯದು. ನನ್ನ ಫೋನಿನ ಬ್ಯಾಟರಿ ಮಧ್ಯಾಹ್ನದ ಊಟದ ಹೊತ್ತಿಗೇ ಬರಿದಾಗುತ್ತದೆ ಎಂದು ತಿಳಿದ ಅಣ್ಣನ ಮಗ, ದಸರೆಗೆ ಡಲ್ಲಾಸ್‌ನಿಂದ ಬರುವಾಗ ತಾನೇ ಹೊಸದೊಂದನ್ನು ತರುವುದಾಗಿ ಹೇಳಿ ಮೂರು ಕೊಂಡಿಗಳನ್ನು ಕಳುಹಿಸಿ, “ಅತ್ತೆ, ಯಾವುದು ಬೇಕೋ ನೀವೇ ಆರಿಸಿ” ಎಂದಿದ್ದಾನೆ.

ಮೊದಲನೆಯದು ಮೊಬೈಲ್ ಸೇವಾ ಕಂಪನಿಯೊಂದರ ಮಳಿಗೆಯ ಐಫೋನ್. ತಿಂಗಳ ಕಂತು ಎಷ್ಟು ಕಡಿಮೆ ಎಂದರೆ ಫೋನ್ ಹೆಚ್ಚುಕಡಿಮೆ ಉಚಿತ ಎನಿಸುತ್ತದೆ. ಎರಡನೆಯದು ದೊಡ್ಡ ಅಂಗಡಿಯೊಂದರಲ್ಲಿ ‘ನೋ ಕಾಂಟ್ರಾಕ್ಟ್’ ಎಂಬ ಚೀಟಿ ಅಂಟಿಸಿ ಮಾರುವ ಆಂಡ್ರಾಯ್ಡ್ ಫೋನ್. ಅಂಥದ್ದೇ ಫೋನಿಗೆ ಇಲ್ಲಿ ಕೊಡಬೇಕಾದ ಹಣದ ಅರ್ಧದಷ್ಟೂ ಬೆಲೆ ಅದಕ್ಕಿಲ್ಲ. ಮೂರನೆಯದು ‘ಅನ್‌ಲಾಕ್ಡ್’ ಎಂದು ಬರೆದಿರುವ, ಸುಮಾರು 800 ಡಾಲರ್ ಬೆಲೆಯ ಐಫೋನ್.

ಕಾಂಟ್ರಾಕ್ಟ್ ಇಲ್ಲವೆಂದ ಮೇಲೆ ಯಾರ ಹಂಗೂ ಇಲ್ಲ ತಾನೇ ಎಂದುಕೊಂಡು ಎರಡನೆಯದಕ್ಕೆ ನಾನು ಮನಸ್ಸು ಮಾಡಿದ್ದೇನೆ. ನನ್ನ ಬಳಿ ಎರಡು ಸಿಮ್‌ಗಳಿವೆ: ಮಾತಿಗೂ ಇಂಟರ್‌ನೆಟ್ಟಿಗೂ ಜಿಯೋ, ಬ್ಯಾಂಕಿನ ಖಾತೆಗೆ ಜೋಡಿಸಿರುವ ಹಳೆಯ ಏರ್‌ಟೆಲ್. ಲಾಕ್ ಇದ್ದರೂ ಚಿಂತೆಯಿಲ್ಲ, ಬೆಂಗಳೂರಿನ ಎಲೆಕ್ಟ್ರಾನಿಕ್ ಅಂಗಡಿಗಳ ಬೀದಿಯಾದ ಎಸ್‌ಪಿ ರೋಡ್‌ನಲ್ಲಿ ಬಿಡಿಸಿಕೊಡುತ್ತಾರೆ ಎಂದು ನಮ್ಮ ಸ್ಟಾಫ್ ರೂಮಿನಲ್ಲಿ ಒಬ್ಬರು ಹೇಳಿದರು. ನನ್ನ ತಿಳಿವಳಿಕೆ ಸರಿಯೇ? ಅನುಭವವಿದ್ದವರು ದಯವಿಟ್ಟು ತಿಳಿಸಿ.

ಆಸ್ಟಿನ್‌ನಿಂದ ರಾಜಾಜಿನಗರಕ್ಕೆ

ಮೇಡಂ, ನೀವು ಆರಿಸಿರುವ ಎರಡನೆಯ ಫೋನೇ ಮೂರರಲ್ಲಿ ನಿಮಗೆ ಅತ್ಯಂತ ನಿರುಪಯುಕ್ತವಾಗಬಹುದಾದದ್ದು. ನಾನು ಟೆಕ್ಸಾಸ್‌ನಲ್ಲಿ ಎಂಟು ವರ್ಷ ಇದ್ದವನು. ನಿಮ್ಮಂತೆಯೇ ಆ ಚೀಟಿಯನ್ನು ನಂಬಿದವನು. ಆದ್ದರಿಂದ ಸ್ವಲ್ಪ ವಿವರವಾಗಿಯೇ ಬರೆಯುತ್ತೇನೆ.

ಕಾಂಟ್ರಾಕ್ಟ್ ಎನ್ನುವುದು ಹಣಕ್ಕೆ ಸಂಬಂಧಿಸಿದ ಮಾತು, ಲಾಕ್ ಎನ್ನುವುದು ಸಿಮ್‌ಗೆ ಸಂಬಂಧಿಸಿದ ಮಾತು: ಬೇರೆ ಕಂಪನಿಯ ಸಿಮ್ ನಡೆಯದಂತೆ ಫೋನಿಗೆ ಹಾಕಿರುವ ಬೀಗ. ಹಿಂದೆ ಅಮೆರಿಕದಲ್ಲಿ ಎರಡು ವರ್ಷ ತಮ್ಮ ಸೇವೆಯನ್ನೇ ಬಳಸುವುದಾಗಿ ಗ್ರಾಹಕರಿಂದ ಸಹಿ ಹಾಕಿಸಿಕೊಂಡು ಕಂಪನಿಗಳು ಫೋನನ್ನು ಅಗ್ಗವಾಗಿ ಕೊಡುತ್ತಿದ್ದವು. 2013ರಲ್ಲಿ ಅಲ್ಲಿನ ದೊಡ್ಡ ಸೇವಾ ಕಂಪನಿಗಳಲ್ಲೊಂದಾದ ಟಿ-ಮೊಬೈಲ್ ಈ ಪದ್ಧತಿಯನ್ನು ಕೈಬಿಟ್ಟಿತು. 2016ರ ಆರಂಭದಲ್ಲಿ ಅಂಥದ್ದೇ ಇನ್ನೊಂದು ಕಂಪನಿ ಎಟಿ ಅಂಡ್ ಟಿ ಕೂಡ ಕೈಬಿಟ್ಟಿತು. ಅದರ ಜಾಗಕ್ಕೆ ಕಂತು ಬಂತು. ಈಗ ನಿಮ್ಮ ಅಣ್ಣನ ಮಗ ಕಳುಹಿಸಿರುವ ಮೊದಲನೆಯ ಕೊಂಡಿಯಲ್ಲಿಯೂ ಬಹುಶಃ ‘ಕಾಂಟ್ರಾಕ್ಟ್’ ಎಂಬ ಪದ ಇರಲಾರದು. ಆದರೆ ರಿಯಾಯಿತಿಯನ್ನು 24 ಅಥವಾ 36 ತಿಂಗಳ ಬಿಲ್ಲುಗಳಲ್ಲಿ ಚೂರುಚೂರಾಗಿ ಹಂಚಿರುತ್ತಾರೆ, ನಡುವೆ ಸೇವೆಯನ್ನು ಬಿಟ್ಟರೆ ಉಳಿದ ರಿಯಾಯಿತಿ ಹೋಗಿ ಫೋನಿನ ಬಾಕಿ ಹಣವೆಲ್ಲ ಒಮ್ಮೆಗೇ ತಲೆಯ ಮೇಲೆ ಬೀಳುತ್ತದೆ. ಹೆಸರು ಹೋಯಿತು, ಕಟ್ಟು ಉಳಿಯಿತು.

ಇನ್ನು ಎರಡನೆಯದು. ಅಂಗಡಿಗಳಲ್ಲಿ ಪ್ಲಾಸ್ಟಿಕ್ ಹೊದಿಕೆಯೊಳಗೆ ತೂಗುಹಾಕಿ ಮಾರುವ ಇಂಥ ಫೋನುಗಳು ಸಾಮಾನ್ಯವಾಗಿ ಪ್ರೀಪೇಯ್ಡ್ ಕಂಪನಿಗಳವು. ಸಹಿ ಇಲ್ಲ, ಕಂತಿಲ್ಲ, ಆದ್ದರಿಂದ ‘ನೋ ಕಾಂಟ್ರಾಕ್ಟ್’ ಎಂಬ ಮಾತು ಸುಳ್ಳಲ್ಲ. ಆದರೆ ಕಂಪನಿ ಅದನ್ನು ಅಸಲಿಗಿಂತ ಕಡಿಮೆಗೆ ಮಾರಿ, ಆ ನಷ್ಟವನ್ನು ಮುಂದಿನ ರೀಚಾರ್ಜುಗಳಿಂದ ತುಂಬಿಕೊಳ್ಳಬೇಕೆಂದಿರುತ್ತದೆ. ಗ್ರಾಹಕ ಮರುದಿನವೇ ಬೇರೆ ಕಂಪನಿಯ ಸಿಮ್ ಹಾಕಿಕೊಂಡರೆ ಆ ಲೆಕ್ಕ ಕೆಡುತ್ತದೆ. ಅದನ್ನು ತಡೆಯುವುದೇ ಲಾಕ್. ಅಂದರೆ ಕಾಂಟ್ರಾಕ್ಟ್ ಇಲ್ಲದ ಫೋನಿಗೇ ಲಾಕಿನ ಅಗತ್ಯ ಹೆಚ್ಚು.

ಬಿಡುಗಡೆಯ ನಿಯಮಗಳೂ ನಿಮ್ಮ ಸಂದರ್ಭಕ್ಕೆ ಹೊಂದುವುದಿಲ್ಲ. ಎಟಿ ಅಂಡ್ ಟಿಯ ಪೋಸ್ಟ್‌ಪೇಯ್ಡ್ ಫೋನಾದರೆ ಪೂರ್ತಿ ಹಣ ತೀರಿ, ಅವರ ಜಾಲದಲ್ಲಿ 60 ದಿನ ಬಳಕೆಯಲ್ಲಿರಬೇಕು; ಪ್ರೀಪೇಯ್ಡ್ ಆದರೆ ಆರು ತಿಂಗಳ ಸೇವೆ ಬೇಕು. ಟಿ-ಮೊಬೈಲ್‌ನಲ್ಲಿ ಪೋಸ್ಟ್‌ಪೇಯ್ಡ್‌ಗೆ 40 ದಿನ, ಪ್ರೀಪೇಯ್ಡ್‌ಗೆ ಒಂದು ವರ್ಷ ಎಂದಿತ್ತು. ಇವು ಆಗಾಗ ಬದಲಾಗುವುದರಿಂದ ಕೊಳ್ಳುವ ದಿನವೇ ಕಂಪನಿಯ ಪುಟದಲ್ಲಿ ನೋಡಿಕೊಳ್ಳುವಂತೆ ಹುಡುಗನಿಗೆ ಹೇಳಿ. ಆದರೆ ದಿನಗಳ ಲೆಕ್ಕ ಎಷ್ಟೇ ಇರಲಿ, ಅವು ಅಲ್ಲಿನ ಜಾಲದಲ್ಲಿ ಬಳಸಿದ ದಿನಗಳು. ಪೆಟ್ಟಿಗೆ ಒಡೆಯದೆ ತಂದು ನಿಮ್ಮ ಮೇಜಿನ ಮೇಲಿಟ್ಟರೆ, ಇಲ್ಲಿ ಎಷ್ಟು ದೀಪಾವಳಿ ಕಳೆದರೂ ಒಂದು ದಿನವೂ ಲೆಕ್ಕಕ್ಕೆ ಸೇರುವುದಿಲ್ಲ. ನಾನು ಅಮ್ಮನಿಗೆಂದು ತಂದ ಫೋನ್ ಹೀಗೆಯೇ ಮೂರು ವರ್ಷ ವೈಫೈನಲ್ಲಿ ಭಜನೆ ಕೇಳುವ ಪೆಟ್ಟಿಗೆಯಾಗಿತ್ತು.

ಮೂರನೆಯದು ಮಾತ್ರ ನಿಜಕ್ಕೂ ಸ್ವತಂತ್ರವಾದದ್ದು. ಆದರೂ ಅಲ್ಲಿ ಬರೆದಿರುವ ಬೆಲೆಯಲ್ಲಿ ತೆರಿಗೆ ಸೇರಿರುವುದಿಲ್ಲ. ಡಲ್ಲಾಸ್‌ನಲ್ಲಿ ಮಾರಾಟ ತೆರಿಗೆ ಶೇಕಡ 8.25, ಅಂದರೆ 800 ಡಾಲರಿಗೆ ಇನ್ನೂ 66 ಡಾಲರ್. ಗಣಿತದ ಟೀಚರಿಗೆ ಇದನ್ನು ಹೇಳಬೇಕಾಗಿಲ್ಲ, ಕ್ಷಮಿಸಿ. ಆಪಲ್‌ನ ಸ್ವಂತ ಮಳಿಗೆಯಲ್ಲಿಯೂ ಕೊಳ್ಳುವಾಗ ಕಂಪನಿಯೊಂದನ್ನು ಆರಿಸಿದರೆ ರಿಯಾಯಿತಿ ತೋರಿಸುತ್ತಾರೆ. ಆ ಆಸೆಗೆ ಬೀಳದೆ, ಸೇವಾ ಕಂಪನಿಯನ್ನು ಆಮೇಲೆ ಆರಿಸಿಕೊಳ್ಳುವೆನೆಂಬ ಆಯ್ಕೆಯನ್ನೇ ಒತ್ತಬೇಕು.

ಚಿಕ್ಕಪೇಟೆ ನಿವಾಸಿ

ಮೇಲಿನವರು ಎಸ್‌ಪಿ ರೋಡ್‌ನ ಮಾತನ್ನು ಬಿಟ್ಟಿದ್ದಾರೆ. ಅದನ್ನು ನಾನು ಹೇಳುತ್ತೇನೆ, ಏಕೆಂದರೆ ಆ ಪಾಠಕ್ಕೆ ಶುಲ್ಕ ಕಟ್ಟಿದ್ದೇನೆ.

ಪ್ರತಿಯೊಂದು ಸಿಮ್‌ನಲ್ಲೂ ಒಂದು ಗುರುತಿನ ಸಂಖ್ಯೆ ಇರುತ್ತದೆ. ಅದರ ಮೊದಲ ಮೂರು ಅಂಕಿಗಳು ದೇಶವನ್ನು ತಿಳಿಸುತ್ತವೆ: ಭಾರತದ್ದು 404 ಇಲ್ಲವೇ 405, ಅಮೆರಿಕದ್ದು 310ರಿಂದ ಮುಂದಕ್ಕೆ. ಅದರ ಬೆನ್ನಿಗಿರುವ ಅಂಕಿಗಳು ಕಂಪನಿಯನ್ನು ತಿಳಿಸುತ್ತವೆ. ಲಾಕ್ ಆದ ಫೋನ್ ಈ ಅಂಕಿಗಳನ್ನು ಓದಿ, ತನಗೆ ಅಪ್ಪಣೆಯಿರುವ ಕಂಪನಿಯದ್ದಲ್ಲವಾದರೆ ಸಿಮ್ಮನ್ನು ಒಪ್ಪುವುದಿಲ್ಲ. ಐಫೋನಿನಲ್ಲಂತೂ ಯಾವ ಫೋನಿಗೆ ಯಾವ ಅಪ್ಪಣೆ ಎಂಬ ಲೆಕ್ಕ ಆಪಲ್‌ನ ಸರ್ವರಿನಲ್ಲಿರುತ್ತದೆ. ಅದನ್ನು ಬದಲಿಸುವುದು ಮೂಲ ಸೇವಾ ಕಂಪನಿಯಿಂದ ಮಾತ್ರ ಸಾಧ್ಯ.

ಹಾಗಾದರೆ ಅಂಗಡಿಯಲ್ಲಿ ಮಾಡುವುದೇನು? ನನಗೆ ಮಾಡಿಕೊಟ್ಟದ್ದು ಹೀಗೆ: ಸಿಮ್‌ನ ಕೆಳಗೆ ಕಾಗದದಷ್ಟು ತೆಳುವಾದ ಒಂದು ಚಿಪ್ಪನ್ನು ಇಟ್ಟರು. ಅದು ಫೋನಿಗೆ ‘ಇದು ನಿನ್ನ ಕಂಪನಿಯದ್ದೇ ಸಿಮ್’ ಎಂದು ಸುಳ್ಳು ಹೇಳುತ್ತದೆ. ಐದು ವಾರ ಚೆನ್ನಾಗಿ ನಡೆಯಿತು. ಸಾಫ್ಟ್‌ವೇರ್ ಅಪ್‌ಡೇಟ್ ಆದ ದಿನ ಸಿಗ್ನಲ್ ಹೋಯಿತು. ಅಂಗಡಿಯವರು ಹೊಸ ಚಿಪ್ಪಿಗೆ ಮತ್ತೆ ಹಣ ಕೇಳಿದರು. ಬೀಗ ತೆಗೆಯುವುದೇ ಬೇರೆ, ಕಾವಲುಗಾರನ ಕಣ್ಣಿಗೆ ಮಣ್ಣೆರಚುವುದೇ ಬೇರೆ. ಎಸ್‌ಪಿ ರೋಡ್‌ನಲ್ಲಿ ಪ್ರಾಮಾಣಿಕರು ಬೇಕಾದಷ್ಟು ಮಂದಿ ಇದ್ದಾರೆ. ಡಿಸ್‌ಪ್ಲೇ ಹಾಕಿಸಲು ನಾನು ಈಗಲೂ ಅಲ್ಲಿಗೇ ಹೋಗುತ್ತೇನೆ. ಆದರೆ ಈ ಕೆಲಸ ಅವರ ಕೈಯಲ್ಲಿಲ್ಲ.

ವಿಜಯನಗರದ ಟೀಚರ್

ಇಬ್ಬರಿಗೂ ಧನ್ಯವಾದಗಳು. ಎರಡನೆಯ ಫೋನನ್ನು ಕೈಬಿಟ್ಟೆ. ಹಾಗಾದರೆ ಹಣ ಹೆಚ್ಚಾದರೂ ಮೂರನೆಯದನ್ನು ಕಣ್ಣುಮುಚ್ಚಿ ತರಿಸಬಹುದೇ? ಇಲ್ಲಿ ಕೊಳ್ಳುವಾಗ ಲಾಕ್ ಎಂಬ ಮಾತನ್ನೇ ನಾನು ಎಂದೂ ಕೇಳಿರಲಿಲ್ಲ. ನಮ್ಮಲ್ಲಿ ಈ ಪದ್ಧತಿ ಇಲ್ಲವೇ?

ಟವರ್ ಕೆಳಗಿನ ಮನೆ

ಟೆಲಿಕಾಂ ಜಾಲಗಳ ಪರೀಕ್ಷೆ ನನ್ನ ವೃತ್ತಿ. ಆದ್ದರಿಂದ ನಿಮ್ಮ ‘ಕಣ್ಣುಮುಚ್ಚಿ’ ಎಂಬ ಪದಕ್ಕೆ ನನ್ನ ಆಕ್ಷೇಪವಿದೆ.

ಲಾಕ್ ಇಲ್ಲದ ಮಾತ್ರಕ್ಕೆ ಫೋನ್ ಇಲ್ಲಿ ಸರಿಯಾಗಿ ನಡೆಯುತ್ತದೆಂದು ಹೇಳಲಾಗದು. ಜಿಯೋಗೆ 2ಜಿ, 3ಜಿ ಜಾಲಗಳೇ ಇಲ್ಲ. ಕರೆಗಳೆಲ್ಲ 4ಜಿ ಅಥವಾ 5ಜಿಯ ಮೇಲೆಯೇ ಸಾಗಬೇಕು; ಫೋನಿನ ಸಾಫ್ಟ್‌ವೇರ್‌ನಲ್ಲಿ ಜಿಯೋದ ‘ವೋಲ್ಟಿ’ಗೆ, ಅಂದರೆ 4ಜಿಯ ಮೇಲೆಯೇ ಕರೆ ಸಾಗಿಸುವ ವಿಧಾನಕ್ಕೆ, ವ್ಯವಸ್ಥೆ ಇಲ್ಲದಿದ್ದರೆ ಇಂಟರ್‌ನೆಟ್ ಓಡುತ್ತದೆ, ಫೋನ್ ಮಾತ್ರ ಮಾತಾಡುವುದಿಲ್ಲ. ಜಿಯೋದ 4ಜಿ 850, 1800 ಮತ್ತು 2300 ಮೆಗಾಹರ್ಟ್ಸ್‌ಗಳಲ್ಲಿದೆ. ಈ 2300ರ ತರಂಗಪಟ್ಟಿಗೆ ಬ್ಯಾಂಡ್ 40 ಎಂದು ಹೆಸರು. ಅಮೆರಿಕದ ಕಂಪನಿಗಳು ಅದನ್ನು ಬಳಸದ ಕಾರಣ ಅಲ್ಲಿಗೆಂದೇ ತಯಾರಾದ ಅಗ್ಗದ ಆಂಡ್ರಾಯ್ಡ್‌ಗಳಲ್ಲಿ ಅದನ್ನು ಬಿಟ್ಟಿರುವುದುಂಟು. 5ಜಿಗೆ ಇಲ್ಲಿ ಮುಖ್ಯವಾಗಿ ಎನ್78 ಎಂಬ ತರಂಗಪಟ್ಟಿ ಬೇಕು. ಜಿಯೋ ಅದರ ಜೊತೆಗೆ 700 ಮೆಗಾಹರ್ಟ್ಸ್‌ನ ಎನ್28 ಅನ್ನೂ ಬಳಸುತ್ತದೆ. ಐಫೋನಿನಲ್ಲಿ ಇವೆಲ್ಲ ಇರುತ್ತವೆ, ಆ ಚಿಂತೆ ಬೇಡ.

ಐಫೋನಿನ ತೊಡಕು ಬೇರೆ. 2022ರಲ್ಲಿ ಬಂದ ಐಫೋನ್ 14ರಿಂದ ಅಮೆರಿಕದ ಮಾದರಿಗಳಿಗೆ ಸಿಮ್ ಹಾಕುವ ತಟ್ಟೆಯೇ ಇಲ್ಲ, ಎಲ್ಲವೂ ಇ-ಸಿಮ್, ಅಂದರೆ ಫೋನಿನೊಳಗೇ ಇರುವ, ಹೊರಗೆ ತೆಗೆಯಲಾಗದ ಸಿಮ್. ಜಿಯೋ, ಏರ್‌ಟೆಲ್ ಎರಡೂ ಇ-ಸಿಮ್ ಕೊಡುತ್ತವೆ, ಒಂದೇ ಫೋನಿನಲ್ಲಿ ಎರಡನ್ನೂ ನಡೆಸಬಹುದು. ಆದರೆ ಫೋನ್ ಕೆಟ್ಟ ದಿನ ಸಿಮ್ ತೆಗೆದು ಯಜಮಾನರ ಫೋನಿಗೆ ಹಾಕಿ ಬ್ಯಾಂಕಿನ ಓಟಿಪಿ ನೋಡುವ ನಮ್ಮೂರಿನ ಅಭ್ಯಾಸಕ್ಕೆ ಅಲ್ಲಿ ಅವಕಾಶವಿಲ್ಲ. ಇದು ನಿಮಗೆ ದೊಡ್ಡದೋ ಚಿಕ್ಕದೋ, ನೀವೇ ತೀರ್ಮಾನಿಸಬೇಕು.

ನಮ್ಮಲ್ಲಿ ಲಾಕ್ ಇರಲೇ ಇಲ್ಲವೆಂದಲ್ಲ. ರಿಲಯನ್ಸ್ ಮತ್ತು ಟಾಟಾ ಇಂಡಿಕಾಂಗಳ, ಸಿಡಿಎಂಎ ಎಂಬ ಹಳೆಯ ತಂತ್ರಜ್ಞಾನದ ಫೋನುಗಳು ಆಯಾ ಕಂಪನಿಗೇ ಅಂಟಿಕೊಂಡಿದ್ದವು. 2017ರ ಜಿಯೋಫೋನ್‌ಗೆ, 1,500 ರೂಪಾಯಿ ಠೇವಣಿ ಇಟ್ಟು ನಾವೆಲ್ಲ ಮನೆಯ ಹಿರಿಯರಿಗೆ ಕೊಡಿಸಿದ್ದಕ್ಕೆ, ಜಿಯೋ ಸಿಮ್ ಬಿಟ್ಟು ಬೇರೆಯದು ನಡೆಯುತ್ತಿರಲಿಲ್ಲ. ಆದರೆ ನಮ್ಮ ಜನ ಫೋನನ್ನು ಒಂದು ಕಡೆ, ಸಿಮ್ಮನ್ನು ಇನ್ನೊಂದು ಕಡೆ ಕೊಳ್ಳುವವರು. ಎರಡೆರಡು ಸಿಮ್ ಇಟ್ಟುಕೊಳ್ಳುವವರು. ಆದ್ದರಿಂದ ಸ್ಮಾರ್ಟ್‌ಫೋನುಗಳಲ್ಲಿ ಆ ಪದ್ಧತಿ ಇಲ್ಲಿ ಬೇರೂರಲಿಲ್ಲ. ಇಲ್ಲಿ ಸೆಕೆಂಡ್ ಹ್ಯಾಂಡ್ ಕೊಳ್ಳುವವರು ಎಚ್ಚರಿಕೆಯಿಂದ ಇರಬೇಕಾದದ್ದು ಸಾಲದ ಲಾಕ್ ಬಗ್ಗೆ: ಇಎಂಐ ತಪ್ಪಿದರೆ ಸಾಲ ಕೊಟ್ಟವರು ದೂರದಿಂದಲೇ ಪರದೆಯನ್ನು ಮುಚ್ಚಿಬಿಡುವ ವ್ಯವಸ್ಥೆ ಕೆಲವು ಫೋನುಗಳಲ್ಲಿದೆ. ಹಿಂದಿನ ಮಾಲೀಕರ ಆಪಲ್ ಅಥವಾ ಗೂಗಲ್ ಖಾತೆಯ ಲಾಕ್ ಮತ್ತೊಂದು. ಈ ಎರಡಕ್ಕೂ ಸಿಮ್ ಲಾಕಿಗೂ ಸಂಬಂಧವಿಲ್ಲ. ಒಂದು ತೆರೆದರೆ ಇನ್ನೊಂದು ತೆರೆಯುವುದಿಲ್ಲ.

ಆಸ್ಟಿನ್‌ನಿಂದ ರಾಜಾಜಿನಗರಕ್ಕೆ

ಇ-ಸಿಮ್ ವಿಷಯ ನನಗೆ ಹೊಳೆದಿರಲಿಲ್ಲ, ಒಪ್ಪಿಕೊಂಡೆ. ಮೇಡಂ, ಒಂದು ಮಾತು ಕೇಳುತ್ತೇನೆ: ಅಲ್ಲಿ ಎರಡು ಮೂರು ವರ್ಷಕ್ಕೊಮ್ಮೆ ಫೋನ್ ಬದಲಿಸುವವರೇ ಹೆಚ್ಚು. ನಿಮ್ಮ ಹುಡುಗನ ಮೇಜಿನ ಡ್ರಾಯರಿನಲ್ಲಿ ಕಂತು ತೀರಿದ ಹಳೆಯ ಫೋನ್ ಇಲ್ಲವೇ? ಅಂಥದ್ದು ಕಂಪನಿಯ ಷರತ್ತುಗಳನ್ನು ಆಗಲೇ ಪೂರೈಸಿರುತ್ತದೆ. ಅವನು ಅಲ್ಲಿಂದಲೇ ಅರ್ಜಿ ಹಾಕಿದರೆ ಹಣವಿಲ್ಲದೆ ಬಿಡಿಸಿಕೊಡುತ್ತಾರೆ. ವಿಮಾನ ಹತ್ತುವ ಮೊದಲೇ ಆಗಬೇಕು; ಇಲ್ಲಿಗೆ ಬಂದ ಮೇಲೆ ಅವರ ಗ್ರಾಹಕ ಸೇವೆಗೆ ರಾತ್ರಿ ಹನ್ನೊಂದಕ್ಕೆ ಕರೆ ಮಾಡುತ್ತ ಕೂರುವ ಕಷ್ಟ ನನಗೆ ಗೊತ್ತು.

ಖಚಿತಪಡಿಸಿಕೊಳ್ಳಲು ಐಫೋನಿನ ಸೆಟ್ಟಿಂಗ್ಸ್‌ನಲ್ಲಿ ‘ಜನರಲ್’, ಅದರೊಳಗೆ ‘ಅಬೌಟ್’ ತೆರೆದು, ‘ಕ್ಯಾರಿಯರ್ ಲಾಕ್’ ಎಂಬ ಸಾಲಿನ ಎದುರು ‘ನೋ ಸಿಮ್ ರೆಸ್ಟ್ರಿಕ್ಷನ್ಸ್’ ಎಂದಿದೆಯೇ ನೋಡಬೇಕು. ಆಂಡ್ರಾಯ್ಡ್ ಆದರೆ ಬೇರೆ ಕಂಪನಿಯ ಸಿಮ್ ಹಾಕಿ ನೋಡುವುದೇ ನೇರ ಪರೀಕ್ಷೆ.

ಟೊರಾಂಟೊ ಕನ್ನಡತಿ

ನನ್ನ ಮಾತು ಚಿಕ್ಕದು. ಕೆನಡಾದಲ್ಲಿ 2017ರ ಡಿಸೆಂಬರ್‌ನಿಂದ ಕಂಪನಿಗಳು ಫೋನುಗಳನ್ನು ಲಾಕ್ ಇಲ್ಲದೆಯೇ ಕೊಡಬೇಕು. ಬ್ರಿಟನ್, ಜಪಾನ್‌ಗಳಲ್ಲಿಯೂ 2021ರಿಂದ ಹಾಗೆಯೇ. ಅಮೆರಿಕದ 2014ರ ಕಾನೂನು ಗ್ರಾಹಕರು ಲಾಕ್ ತೆಗೆಸುವುದನ್ನು ಸಕ್ರಮಗೊಳಿಸಿತೇ ಹೊರತು ಲಾಕ್ ಹಾಕುವುದನ್ನು ತಡೆಯಲಿಲ್ಲ. ಆದ್ದರಿಂದ ‘ಫಾರಿನ್ ಫೋನ್’ ಎಂದು ಎಲ್ಲವನ್ನೂ ಒಂದೇ ತಕ್ಕಡಿಯಲ್ಲಿ ತೂಗಬಾರದು. ನಮ್ಮ ಚಿಕ್ಕಮ್ಮ ಜಯನಗರದಲ್ಲಿ ಬಳಸುತ್ತಿರುವುದು ನನ್ನ ಹಳೆಯ ಫೋನನ್ನೇ.

ವಿಜಯನಗರದ ಟೀಚರ್

ರಾಜಾಜಿನಗರದವರ ಊಹೆ ನಿಜವಾಯಿತು. ಹುಡುಗನ ಡ್ರಾಯರಿನಲ್ಲಿ ಐಫೋನ್ 13 ಒಂದು ಸುಮ್ಮನೆ ಬಿದ್ದಿದೆಯಂತೆ. ಕಂತು ತೀರಿ ವರ್ಷವಾಗಿದೆ, ಸಿಮ್ ತಟ್ಟೆಯೂ ಇದೆ. “ಹಳೆಯದನ್ನು ಅತ್ತೆಗೆ ಹೇಗೆ ಕೊಡಲಿ ಎಂದು ಸಂಕೋಚಪಟ್ಟೆ” ಎಂದ. ಮೊನ್ನೆ ಅರ್ಜಿ ಹಾಕಿದ್ದಾನೆ. ಇಂದು ಬೆಳಿಗ್ಗೆ ಒಂದು ಸ್ಕ್ರೀನ್‌ಶಾಟ್ ಬಂತು: ಕ್ಯಾರಿಯರ್ ಲಾಕ್ ಎಂಬ ಸಾಲಿನ ಎದುರು ನೀವು ಹೇಳಿದ ಪದಗಳೇ ಇವೆ. ಜಿಯೋ ಸಿಮ್ಮನ್ನು ತಟ್ಟೆಗೆ ಹಾಕಿ, ಏರ್‌ಟೆಲ್ಲನ್ನು ಇ-ಸಿಮ್ ಮಾಡಿಸುವುದೋ, ಅಥವಾ ಓಟಿಪಿಯ ಕಾರಣಕ್ಕೆ ಅದನ್ನು ತಿರುಗುಮುರುಗು ಮಾಡುವುದೋ ಎಂದು ಯೋಚಿಸುತ್ತಿದ್ದೇನೆ.

ಟವರ್ ಕೆಳಗಿನ ಮನೆ

ತಿರುಗುಮುರುಗೇ ಮಾಡಿ. ಬ್ಯಾಂಕಿನ ಸಂಖ್ಯೆ ತಟ್ಟೆಯಲ್ಲಿರಲಿ. ಬ್ಯಾಟರಿಯ ಆರೋಗ್ಯ ಎಷ್ಟು ಶೇಕಡ ಉಳಿದಿದೆ ಎಂಬುದನ್ನೂ ಹುಡುಗನಿಂದ ಕೇಳಿ ತಿಳಿದುಕೊಳ್ಳಿ. ಇಷ್ಟೆಲ್ಲ ಮಾತು ಹೊರಟಿದ್ದು ಬ್ಯಾಟರಿಯಿಂದಲೇ ಅಲ್ಲವೇ?