ಅಪ್‌ಡೇಟ್: ಸೂಳೆಕೆರೆಯಲ್ಲಿ ಕೊನೆಗೂ ಮೀನು ಕಚ್ಚಿತು

ಡಿಸೆಂಬರ್‌ನಲ್ಲಿ ಕೇಳಿದ್ದೆ, ನೆನಪಿದೆಯಾ? ವಿಡಿಯೋ ನೋಡಿ ಫ್ಲೈ ಫಿಶಿಂಗ್ (ಹುಳದಂತೆ ಕಾಣುವ ಗರಿ ಸುತ್ತಿದ ಕೊಕ್ಕೆಯಿಂದ ಮೀನು ಹಿಡಿಯೋದು) ಕಲಿತೆ, ನಾಲ್ಕು ಭಾನುವಾರ ಬೆಳಿಗ್ಗೆ ಆರಕ್ಕೇ ಚನ್ನಗಿರಿ ಕಡೆಯ ಸೂಳೆಕೆರೆಗೆ ಹೋಗಿ ನಿಂತರೂ ಒಂದು ಮೀನೂ ಮುಟ್ಟಲಿಲ್ಲ, ಏನು ತಪ್ಪು ಅಂತ.

ನೀವು ಹೇಳಿದ್ದೇ ಸರಿ. ನಾನು ನೋಡಿದ್ದೆಲ್ಲ ಟ್ರೌಟ್ ವಿಡಿಯೋ. ಅದು ತಣ್ಣೀರಿನ ಮೀನು, ನೀರು 20 ಡಿಗ್ರಿ ದಾಟಿದರೆ ಒದ್ದಾಡುತ್ತದೆ. ನಮ್ಮ ಜಿಲೇಬಿ ಮೀನು (ತಿಲಾಪಿಯಾ) ಉಲ್ಟಾ, ಚಳಿಗೆ ಮಂಕಾಗುತ್ತದೆ.

ಜನವರಿಯಲ್ಲಿ ಬಿಸಿಲೇರಿದ ಮೇಲೆ, ಹನ್ನೊಂದಕ್ಕೆ ಹೋದೆ. ನಾಟಿ ಹುಂಜದ ಗರಿ ಸುತ್ತಿದ ಸಣ್ಣ ಕೊಕ್ಕೆ. ದಡದ ಹತ್ತಿರವೇ ಮುಳುಗಲು ಬಿಟ್ಟು, ಗೇಣು ಗೇಣಾಗಿ ಎಳೆದೆ. ದಾರ ಸುಮ್ನೆ ಒಂದು ಕಡೆ ಸರಿಯಿತು, ಅಷ್ಟೇ. ಎತ್ತಿದರೆ ಅಂಗೈ ಅಗಲದ ಜಿಲೇಬಿ!

ಈಗ ಮಾರ್ಚ್, ಬಿಸಿಲು ಜಾಸ್ತಿ. ಮತ್ತೆ ಮುಂಜಾನೆ, ಇಲ್ಲವೇ ಸಂಜೆ. ಮೊನ್ನೆ ಸಂಜೆ ಮೂರು ಸಿಕ್ಕವು. ನಾಲ್ಕನೆಯದು ಬೆನ್ನ ಹಿಂದಿನ ಜಾಲಿ ಗಿಡ. ಕೊಕ್ಕೆ ಬಿಡಿಸುವಷ್ಟರಲ್ಲಿ ಕತ್ತಲಾಯಿತು.

ಮೀನು ಗುತ್ತಿಗೆಯವರನ್ನು ಕೇಳಿಕೊಂಡೇ ಹೋಗಿ ಎಂದವರಿಗೆ ಥ್ಯಾಂಕ್ಸ್. "ಗರಿಗೆ ಮೀನು ಬೀಳ್ತದೇನ್ರೀ?" ಅಂತ ಆ ಗುತ್ತಿಗೆಯವರು ನಕ್ಕಿದ್ದರು. ಮೂರನ್ನೂ ಅವರಿಗೆ ತೋರಿಸಿಯೇ ಬಂದೆ.